ರಾತ್ರಿ ಪಾಳಿ ಮುಗಿದರೂ ಬಾರದ ನಿದ್ದೆ

(ಗಟ ಕಚೇರಿಯ ಆವರಣದಲ್ಲಿ ಜರುಗಿದ ಬೆಳೆಗಾರ ಸಭಾಸದರ ಮೇಳಾವದಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಇಂದಿನ ಮೇಳಾವದ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಖೋಡವಾ ಕಬ್ಬಿನ ವ್ಯವಸ್ಥೆ’ ಎಂದು ಅಚ್ಚಾಗಿದೆ. ಆ ವಿಷಯವನ್ನು ನಮ್ಮ ಕೃಷಿ ಸಹಾಯಕರು ಚಹಾದ ನಂತರ ವಿವರಿಸಲಿದ್ದಾರೆ. ನಾನು ಅಧ್ಯಕ್ಷರ ಅಪ್ಪಣೆ ಪಡೆದು ಬೇರೊಂದು ವಿಷಯ ಎತ್ತಿಕೊಂಡಿದ್ದೇನೆ. ಅದು ನಿದ್ದೆ. ಸಭೆಯಲ್ಲಿ ನಿದ್ದೆ ಮಾಡುವವರನ್ನು ನೋಡಿದ್ದೇವೆ, ನಿದ್ದೆಯ ಮೇಲೆ ಭಾಷಣ ಕೇಳಿಲ್ಲ ಎಂದು ನಮ್ಮ ಸಂಚಾಲಕರೊಬ್ಬರು ಈಗಷ್ಟೇ ಚೇಷ್ಟೆ ಮಾಡಿದರು. ಕಾರಣ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಆಡಸಾಲಿ ಲಾಗಣಿಯ ಕಾಲಕ್ಕೆ ಭೀಮಾ ದಂಡೆಯ ಒಂದು ಊರಿಗೆ ಹೋಗಿದ್ದೆ. ನಾಲ್ಕೂವರೆ ಎಕರೆ ಕಬ್ಬು ಮಾಡುವ, ಅರವತ್ತರ ಹತ್ತಿರದ ಒಬ್ಬ ಸಭಾಸದರ ಹೊಲ. ಗೊಣ್ಣೆ ಹುಳುವಿಗೆ ಏನು ಮಾಡಬೇಕೆಂದು ಕಾಲು ಗಂಟೆ ಹೇಳಿದೆ. ಅವರು ಎಲ್ಲ ಕೇಳಿ, ಬದುವಿನ ಮೇಲೆ ಕುಳಿತು, “ಸಾಹೇಬ್ರ, ಕಬ್ಬಿಗೆ ಹುಳ ಹತ್ತಿದ್ರ ಔಷಧ ಹೇಳ್ತೀರಿ. ಮನಶ್ಯಾಗ ನಿದ್ದಿನ ಬರ್ಲಿಲ್ಲಂದ್ರ ಏನ್ ಹೇಳ್ತೀರಿ?” ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಬೇಸಿಗೆಯಲ್ಲಿ ರಾತ್ರಿ ಲೈಟಿನ ಪಾಳಿ ಇದ್ದಾಗ ಕೆಟ್ಟ ನಿದ್ದೆ, ಮಳೆ ಬಿದ್ದು ಮೋಟಾರು ಬಂದಾದ ಮೇಲೂ ತಿರುಗಿ ಬರಲಿಲ್ಲವಂತೆ. ಒಂಬತ್ತಕ್ಕೆ ಮಲಗುವುದು, ಹನ್ನೊಂದರ ತನಕ ಹೊರಳಾಡುವುದು, ಎರಡು ಗಂಟೆಗೆ ಯಾರೋ ಕರೆದಂತೆ ಎಚ್ಚರಾಗುವುದು. ಎರಡು ಗಂಟೆಗೆ ಯಾಕೆ? ಬೇಸಿಗೆಯಲ್ಲಿ ಅವರು ಒಂದು ಮಡಿ ತುಂಬಿಸಿ ಇನ್ನೊಂದು ಮಡಿಗೆ ನೀರು ತಿರುವುತ್ತಿದ್ದುದು ಅದೇ ಹೊತ್ತಿಗೆ.

ಆ ದಿನ ನನ್ನಲ್ಲಿ ಉತ್ತರ ಇರಲಿಲ್ಲ. ಆಮೇಲೆ ಗಟದೊಳಗೆ ಹೋದಹೋದಲ್ಲಿ ಕೇಳತೊಡಗಿದೆ. ಕಬ್ಬಿನ ಮಾತು ಮುಗಿದ ಮೇಲೆ “ನಿದ್ದೆ ಹ್ಯಾಂಗದ?” ಎಂದು ಕೇಳಿದರೆ, ಎಕರೆಗೆ ಎಷ್ಟು ಟನ್ನು ಬಂತು ಎಂದು ಕೇಳಿದಾಗ ಬಾಯಿ ಬಿಡದವರೂ ಮಾತಾಡುತ್ತಾರೆ. ನಾನು ವೈದ್ಯನಲ್ಲ, ಕೃಷಿ ಪದವೀಧರ. ಆದರೆ ಈ ಬೇನೆಯನ್ನು ಸ್ವತಃ ಅನುಭವಿಸಿದ್ದೇನೆ, ವೈದ್ಯರಿಂದ ತಿಳಿದುಕೊಂಡಿದ್ದೇನೆ, ಒಂದಿಷ್ಟು ಓದಿದ್ದೇನೆ. ಆ ಆಧಾರದ ಮೇಲೆ ನಾಲ್ಕು ಮಾತು.

ಮೊದಲು ಕಬ್ಬಿನಿಂದಲೇ ಆರಂಭಿಸುತ್ತೇನೆ, ಅದು ನನಗೆ ಗೊತ್ತಿರುವ ವಿಷಯ. ಮಳೆಗಾಲದ ಕೊನೆಗೆ ಹಗಲು ಕುಗ್ಗಿ ರಾತ್ರಿ ಬೆಳೆಯುವಾಗ ಕಬ್ಬು ಆ ರಾತ್ರಿಯ ಉದ್ದವನ್ನು ಅಳೆಯುತ್ತದೆ. ಕತ್ತಲೆ ಸುಮಾರು ಹನ್ನೊಂದೂವರೆ ಗಂಟೆಯಷ್ಟಾಗಿ, ಬೇರೆ ಪರಿಸ್ಥಿತಿಯೂ ಕೂಡಿಬಂದರೆ, ಒಳಗೆ ಸೂಲಂಗಿಯ, ಅಂದರೆ ನಾವು ತುರಾ ಅನ್ನುವ ಹೂವಿನ, ಮೊಳಕೆ ಕಟ್ಟುತ್ತದೆ. ಅಂಥ ರಾತ್ರಿಗಳ ನಟ್ಟನಡುವೆ ಸ್ವಲ್ಪ ಹೊತ್ತು ದೀಪ ಹೊತ್ತಿಸಿದರೆ ಲೆಕ್ಕ ತಪ್ಪಿ ಹೂವು ಬಾರದೆ ಹೋಗುತ್ತದೆ. ತಳಿ ತಜ್ಞರು ಎರಡು ತಳಿಗಳ ಹೂವನ್ನು ಒಂದೇ ಕಾಲಕ್ಕೆ ತರಲು ಬೆಳಕು ಕತ್ತಲೆಯನ್ನು ಹೆಚ್ಚು ಕಡಿಮೆ ಮಾಡುವುದು ಇದೇ ಕಾರಣದಿಂದ. ಕಣ್ಣಿಲ್ಲದ ಬೆಳೆಯೇ ರಾತ್ರಿಯನ್ನು ಇಷ್ಟು ನಿಖರವಾಗಿ ಎಣಿಸುವಾಗ ನಮ್ಮ ದೇಹ ಎಣಿಸದೆ ಇದ್ದೀತೆ? ದೇಹದೊಳಗಿನ ಈ ಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ಹಣ್ಣಿನ ನೊಣಗಳಲ್ಲಿ ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂದಿತು.

ಇನ್ನೊಂದು ಪ್ರಯೋಗ ನನಗೆ ಬಹಳ ಹಿಡಿಸಿತು. 1938ರಲ್ಲಿ ಕ್ಲೈಟ್‌ಮನ್ ಎಂಬ ಪ್ರಾಧ್ಯಾಪಕರು ತಮ್ಮ ತರುಣ ಸಹಾಯಕ ರಿಚರ್ಡ್‌ಸನ್‌ನೊಡನೆ ಅಮೆರಿಕದ ಕೆಂಟಕಿಯಲ್ಲಿರುವ ಮ್ಯಾಮತ್ ಎಂಬ ದೊಡ್ಡ ಗವಿಯೊಳಗೆ 32 ದಿನ ವಾಸವಾಗಿದ್ದರು. ಒಳಗೆ ಸೂರ್ಯನಿಲ್ಲ. 24 ಗಂಟೆಯ ದಿನವನ್ನು ಬಿಟ್ಟು 28 ಗಂಟೆಗೆ ಒಂದು ದಿನ ಎಂದು ಎಣಿಸಿ ಏಳುವುದು, ಮಲಗುವುದು ಮಾಡಿದರು. ತರುಣನ ದೇಹ ಹೊಂದಿಕೊಂಡಿತು. 43 ವರ್ಷದ ಪ್ರಾಧ್ಯಾಪಕರ ದೇಹ ಹೊಂದಿಕೊಳ್ಳಲಿಲ್ಲ. ಅದು ಹಳೆಯ ಲೆಕ್ಕವನ್ನೇ ಹಿಡಿದು ಕುಳಿತಿತು. ನಮ್ಮಲ್ಲಿ ಇದನ್ನು ನೋಡಲು ಗವಿಗೆ ಹೋಗಬೇಕಾಗಿಲ್ಲ. ರಾತ್ರಿ ಪಾಳಿ ಬಂದಾಗ ಮಗ ನೀರು ಕಟ್ಟಿ ಬಂದು ಮುಂಜಾನೆ ಹತ್ತರ ತನಕ ಹೊದ್ದು ಮಲಗುತ್ತಾನೆ. ತಂದೆ ಅದೇ ಕೆಲಸ ಮಾಡಿ ಬಂದು ಆರಕ್ಕೇ ಕಣ್ಣು ಬಿಟ್ಟು ಕೂರುತ್ತಾನೆ. ಮಗನಿಗೆ ಆಲಸ್ಯ, ತಂದೆಗೆ ಶಿಸ್ತು ಎಂದು ನಾವು ತೀರ್ಮಾನ ಮಾಡುತ್ತೇವೆ. ಅದು ಸಂಪೂರ್ಣ ನ್ಯಾಯವಲ್ಲ.

ಈಗ ನಿದ್ದೆ ಬರುವ ಬಗೆ. ಎರಡು ಸಂಗತಿ ಕೂಡಬೇಕು. ಒಂದು, ಬಾವಿಯ ಸೆಲೆಯ ಹಾಗೆ ತುಂಬುವಂಥದ್ದು: ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡಿನೋಸಿನ್ ಎಂಬ ದ್ರವ್ಯ ಕೂಡುತ್ತ ಹೋಗಿ ನಿದ್ದೆಯ ಭಾರ ಬೆಳೆಯುತ್ತದೆ. ಇನ್ನೊಂದು, ಈಗ ಹೇಳಿದ ಗಡಿಯಾರ. ಅದು ಲೈಟಿನ ಪಾಳಿಯ ಹಾಗೆ. ಬಾವಿ ತುಂಬಿರಬೇಕು, ಲೈಟೂ ಬಂದಿರಬೇಕು, ಆಗ ಮಾತ್ರ ನೀರು. ಮಧ್ಯಾಹ್ನ ಬೇವಿನ ಕೆಳಗೆ ಎರಡು ತಾಸು ಗೊರಕೆ ಹೊಡೆದವನು ಬಾವಿಯ ಅರ್ಧ ನೀರು ಹಗಲೇ ಎತ್ತಿಬಿಟ್ಟ. ರಾತ್ರಿ ಒಂಬತ್ತಕ್ಕೆ ಮೋಟಾರು ಒತ್ತಿದರೆ ಗಾಳಿ ಬರುತ್ತದೆ, ನೀರು ಬರುವುದಿಲ್ಲ. ಇಷ್ಟು ಸಾಲದೆಂಬಂತೆ, ರಾತ್ರಿ ನಿದ್ದೆ ಆಗಲಿಲ್ಲವೆಂದು ಮರುದಿನ ಎಂಟಕ್ಕೇ ಮಲಗುತ್ತಾನೆ. ಹೀಗೆ ಹಾಸಿಗೆಯಲ್ಲಿ ಎಚ್ಚರವಾಗಿ ಮಲಗಿರುವ ಹೊತ್ತು ಹೆಚ್ಚುತ್ತ ಹೋಗಿ, ಕೊನೆಗೆ ಹಾಸಿಗೆ ಕಂಡರೇ ಎಚ್ಚರವಾಗುವ ರೂಢಿ ಬೀಳುತ್ತದೆ. ನಮ್ಮ ಎತ್ತು ನೊಗ ಕಂಡೊಡನೆ ಕತ್ತು ಕೊಡುತ್ತದಲ್ಲ, ಹಾಗೆ ಮನಸ್ಸು ದಿಂಬು ಕಂಡೊಡನೆ ಚಿಂತೆಗೆ ಕತ್ತು ಕೊಡುತ್ತದೆ. ಮೂಲ ಕಾರಣವಾದ ರಾತ್ರಿ ಪಾಳಿ ಎಂದೋ ಮುಗಿದಿರುತ್ತದೆ. ರೂಢಿ ಮಾತ್ರ ಉಳಿದಿರುತ್ತದೆ. ಆ ಹಿರಿಯರಿಗೆ ಆದದ್ದು ಇದು.

ನನಗೂ ಆದದ್ದು ಇದೇ. 2021–22ರ ಹಂಗಾಮು ತಮಗೆ ನೆನಪಿದೆ. ಮಹಾರಾಷ್ಟ್ರದಲ್ಲಿ ಎಂದೂ ಕಾಣದಷ್ಟು ಕಬ್ಬು, ಗಳಿತ ಜೂನ್ ತನಕ ನಡೆಯಿತು. ಮೇ ತಿಂಗಳ ಬಿಸಿಲಿನಲ್ಲಿ ಕಬ್ಬು ಒಣಗುತ್ತ ನಿಂತಿತ್ತು, ಟೋಳಿಗಳು ಊರಿಗೆ ಹೊರಟಿದ್ದವು. ರಾತ್ರಿ ಹನ್ನೆರಡಕ್ಕೂ ಫೋನು, “ನಮ್ಮ ತೋಡಣಿ ಯಾವಾಗ?” ಎಂದು. ಹಂಗಾಮು ಮುಗಿಯಿತು, ಫೋನು ನಿಂತಿತು, ನಿದ್ದೆ ಬರಲಿಲ್ಲ. ಪರಿಚಯದ ಒಬ್ಬ ಅಂಗಡಿಯವರು ಚೀಟಿ ಇಲ್ಲದೆ ಗುಳಿಗೆ ಕೊಟ್ಟರು. ಮೊದಲ ರಾತ್ರಿ ಅಮೃತ. ಮೂರು ವಾರಕ್ಕೆ ಒಂದು ಸಾಲದೆ ಒಂದೂವರೆ, ಆಮೇಲೆ ಎರಡು. ಒಂದು ದಿನ ಗುಳಿಗೆ ತೀರಿ, ಅಂಗಡಿಯೂ ಮುಚ್ಚಿ, ಆ ರಾತ್ರಿ ಎದೆ ಬಡಿತ, ಕೈ ನಡುಕ. ಗುಳಿಗೆ ಬೇಕೆಂದು ದೇಹ ಕೂಗುತ್ತಿತ್ತು; ನಾನು ಅದನ್ನೇ ನಿದ್ದೆಯ ಬೇನೆ ಎಂದು ತಿಳಿದೆ.

ಆ ಮುಂದಿನ ಹಂಗಾಮಿನಲ್ಲಿ, ಬೆಳಗಿನ ಐದು ಗಂಟೆಗೆ ಮೋಟಾರ್ ಸೈಕಲ್ ಮೇಲೆ ಬರುತ್ತಿದ್ದೆ. ರಸ್ತೆ ಬದಿಗೆ ನಿಲ್ಲಿಸಿದ್ದ ಕಬ್ಬಿನ ಗಾಡಿಗೆ ಹಿಂದಿನಿಂದ ಹೊಡೆದೆ. ಆ ಗಾಡಿಗೆ ಕೆಂಪು ಪಟ್ಟಿ ಇರಲಿಲ್ಲವೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಿಜ ಸಂಗತಿ ಇಂದು ಈ ವೇದಿಕೆಯ ಮೇಲೆ ಹೇಳುತ್ತೇನೆ: ಪಟ್ಟಿ ಇತ್ತು. ನಾನು ತೂಕಡಿಸುತ್ತಿದ್ದೆ. ರಾತ್ರಿಯ ಗುಳಿಗೆಯ ಮಂಪರು ಬೆಳಗಿನ ತನಕ ಇಳಿದಿರಲಿಲ್ಲ. ಕತ್ತಿನ ಎಲುಬು ಮುರಿದು ಆರು ವಾರ ಮನೆಯಲ್ಲಿ ಕುಳಿತೆ. ನೆಲಕ್ಕೆ ಬಿದ್ದ ನನ್ನನ್ನು ಎತ್ತಿದವರು ಆ ಗಾಡಿಯ ಕೆಳಗೆ ಗೋಣಿ ಚೀಲ ಹಾಸಿ ಮಲಗಿದ್ದ ಗಂಡ ಹೆಂಡತಿ. ಒಂದು ಮೊಳ ಈಚೆ ಹೊಡೆದಿದ್ದರೆ ಏನಾಗುತ್ತಿತ್ತು ಎಂಬುದನ್ನು ಎಣಿಸಿದ ರಾತ್ರಿಗಳಲ್ಲಿ ಗುಳಿಗೆಗೂ ನಿದ್ದೆ ತರಲಾಗಲಿಲ್ಲ.

ಎಲುಬು ಕಟ್ಟಿದ ವೈದ್ಯರೇ ನನ್ನನ್ನು ಮನೋವೈದ್ಯರ ಬಳಿಗೆ ಕಳಿಸಿದರು. ಅವರು ಗುಳಿಗೆಯನ್ನು ಒಮ್ಮೆಲೇ ಬಿಡಿಸಲಿಲ್ಲ. ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಿದರು. ಇದನ್ನು ತಾವು ಗಮನದಲ್ಲಿಡಬೇಕು. ಅಲ್ಪ್ರಜೋಲಾಮ್ ಮುಂತಾದ ಗುಳಿಗೆಗಳನ್ನು ಬಹುದಿನ ತೆಗೆದುಕೊಂಡವರು ಹಟ ಮಾಡಿ ಒಂದೇ ದಿನ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ. ಅವನ್ನು ವೈದ್ಯರ ಚೀಟಿಯಿಲ್ಲದೆ ಮಾರುವುದು ಕಾನೂನಿಗೆ ವಿರುದ್ಧ. ಸೆರೆಯ ಜೊತೆ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ವೈದ್ಯರು ಅವಶ್ಯವೆಂದು ಕೆಲ ದಿನಕ್ಕೆ ಕೊಟ್ಟರೆ ತೆಗೆದುಕೊಳ್ಳಬಾರದೆಂದು ನಾನು ಹೇಳುವುದಿಲ್ಲ. ನೆರೆಮನೆಯವರ ಡಬ್ಬಿಯಿಂದ ತೆಗೆದುಕೊಳ್ಳಬೇಡಿ ಎನ್ನುತ್ತೇನೆ.

ಆ ವೈದ್ಯರು ಕೊಟ್ಟ ಮುಖ್ಯ ಔಷಧ ಒಂದು ವಹಿ. ಅಮೆರಿಕದ ವೈದ್ಯರ ಒಂದು ದೊಡ್ಡ ಸಂಘ 2016ರಲ್ಲಿ, ಬಹುಕಾಲದ ನಿದ್ರಾಹೀನತೆಗೆ ಗುಳಿಗೆಗಿಂತ ಮೊದಲು ಈ ರೂಢಿ ತಿದ್ದುವ ಚಿಕಿತ್ಸೆಯನ್ನೇ ಕೊಡಬೇಕೆಂದು ಹೇಳಿದೆ. ಇದರ ಒಂದು ಭಾಗವನ್ನು ಬೂಟ್‌ಜಿನ್ ಎಂಬವರು 1972ರಲ್ಲಿಯೂ ಇನ್ನೊಂದನ್ನು ಸ್ಪೀಲ್‌ಮನ್ ಎಂಬವರು ತಮ್ಮ ಸಂಗಡಿಗರೊಂದಿಗೆ 1987ರಲ್ಲಿಯೂ ಬರೆದಿಟ್ಟರು. ಖರ್ಚಿಲ್ಲದ ಚಿಕಿತ್ಸೆ, ಆದರೆ ಹಟ ಬೇಕು. ನಾನು ಮಾಡಿ ಗುಣ ಕಂಡ ಮೇಲೆ, ಆ ಭೀಮಾ ದಂಡೆಯ ಹಿರಿಯರನ್ನೂ ಅದೇ ವೈದ್ಯರ ಬಳಿಗೆ ಕರೆದೊಯ್ದೆ. ಅವರಿಗೆ ಆದದ್ದನ್ನು ಅವರ ಒಪ್ಪಿಗೆಯಿಂದ ಹೇಳುತ್ತೇನೆ; ಅವರು ಈ ಸಭೆಯಲ್ಲಿಯೇ ಇದ್ದಾರೆ, ಯಾರೆಂದು ಹೇಳುವುದಿಲ್ಲ.

ಮೊದಲು ಎರಡು ವಾರ ಬರೆದಿಟ್ಟರು. ಎಷ್ಟಕ್ಕೆ ಮಲಗಿದೆ, ಸುಮಾರು ಎಷ್ಟಕ್ಕೆ ನಿದ್ದೆ ಹತ್ತಿತು, ಎಷ್ಟು ಸಲ ಎಚ್ಚರ, ಎಷ್ಟಕ್ಕೆ ಎದ್ದೆ. ಗಡಿಯಾರ ನೋಡಿ ಬರೆಯುವುದಲ್ಲ, ಬೆಳಿಗ್ಗೆ ಎದ್ದು ಅಂದಾಜಿನಿಂದ. ಗೊಬ್ಬರದ ಉದ್ರಿ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದರು. ಲೆಕ್ಕ ಹಾಕಿದರೆ ಹಾಸಿಗೆಯಲ್ಲಿ ಎಂಟು ತಾಸು, ನಿದ್ದೆ ಐದಕ್ಕೂ ತುಸು ಕಡಿಮೆ. ವೈದ್ಯರು ಹೇಳಿದರು: ಇನ್ನು ಮೇಲೆ ನಿಮಗೆ ಹಾಸಿಗೆ ಸಿಗುವುದು ಐದೂವರೆ ತಾಸು ಮಾತ್ರ. ಹನ್ನೊಂದೂವರೆಗೆ ಮುಂಚೆ ಮಲಗಬಾರದು, ಏನೇ ಆದರೂ ಐದಕ್ಕೆ ಏಳಬೇಕು, ಹಗಲು ಮಲಗಬಾರದು. ಹಿರಿಯರು ಹೊರಗೆ ಬಂದು ನನಗೆ, “ನಿದ್ದಿ ಇಲ್ಲಂತ ಬಂದ್ರ ಇದ್ದ ನಿದ್ದೀನೂ ಕಸ್ಕೊಂಡ್ರಲ್ಲ!” ಎಂದರು.

ಎಂಥ ತೋಟಗಾರನಿಗೂ ಈ ಮಾತು ತಿಳಿಯಬೇಕು. ಒಂದು ಎಕರೆಗೆ ಸಾಲುವ ನೀರನ್ನು ಎರಡು ಎಕರೆಗೆ ಹರಡಿದರೆ ಎರಡೂ ಒಣಗುತ್ತವೆ. ಇದ್ದ ನೀರನ್ನು ಮೊದಲು ಒಂದೇ ಎಕರೆಗೆ ತುಂಬ ಕೊಟ್ಟು, ಸೆಲೆ ಹೆಚ್ಚಿದ ಹಾಗೆ ಗುಂಟೆ ಗುಂಟೆ ಮುಂದುವರಿಯಬೇಕು. ಐದು ತಾಸಿನ ನಿದ್ದೆಯನ್ನು ಎಂಟು ತಾಸಿನ ಹಾಸಿಗೆಗೆ ಹರಡಿದ್ದರಿಂದಲೇ ಅದು ಹರಿದು ಚೂರಾಗಿತ್ತು.

ಎರಡನೆಯ ಕಟ್ಟಳೆ: ಹಾಸಿಗೆಯಲ್ಲಿ ಸುಮಾರು ಇಪ್ಪತ್ತು ನಿಮಿಷ ನಿದ್ದೆ ಬರಲಿಲ್ಲವೆಂದರೆ ಎದ್ದುಬಿಡಬೇಕು. ಹೊರಗೆ ಬಂದು ಮಂದ ಬೆಳಕಿನಲ್ಲಿ ಬೇಸರದ ಕೆಲಸ ಏನಾದರೂ ಮಾಡುವುದು, ಕಣ್ಣು ಎಳೆದಾಗ ಮಾತ್ರ ಒಳಗೆ ಹೋಗುವುದು. ಮತ್ತೆ ಬರಲಿಲ್ಲವೆ, ಮತ್ತೆ ಹೊರಗೆ. ಅವರು ಪಡಸಾಲೆಯಲ್ಲಿ ಕುಳಿತು ಹಗ್ಗ ಹೊಸೆದರು. ಮನೆಯವರು ಮೊದಲ ವಾರ, ಇವರಿಗೆ ಯಾವುದೋ ಗಾಳಿ ಹಿಡಿದಿದೆ ಎಂದು ನಿಂಬೆಹಣ್ಣು ಇಳಿ ತೆಗೆದರಂತೆ. ಮೊದಲ ಹತ್ತು ದಿನ ನಿಜಕ್ಕೂ ಕಠಿಣ. ಆ ದಿನಗಳಲ್ಲಿ ಟ್ರ್ಯಾಕ್ಟರು, ಮೋಟಾರ್ ಸೈಕಲ್ ಮುಟ್ಟಬಾರದೆಂದು ವೈದ್ಯರು ತಾಕೀತು ಮಾಡಿದ್ದರು. ಮೂರ್ಛೆರೋಗವಿದ್ದವರು, ಮನಸ್ಸು ಏರಿಳಿಯುವ ದೊಡ್ಡ ಬೇನೆ ಇದ್ದವರು ಇದನ್ನು ತಾವಾಗಿಯೇ ಮಾಡಬಾರದು.

ಮೂರನೆಯ ವಾರಕ್ಕೆ ತಲೆ ದಿಂಬಿಗೆ ತಾಗಿದ ಕಾಲು ತಾಸಿಗೆ ನಿದ್ದೆ ಬರತೊಡಗಿತು. ಎರಡು ಗಂಟೆಯ ಎಚ್ಚರ ಒಂದೊಂದು ದಿನ ತಪ್ಪಿತು. ಹಾಸಿಗೆಯ ಹೊತ್ತಿನ ಬಹುಭಾಗ ನಿದ್ದೆಯಲ್ಲೇ ಹೋಗುವಂತಾದ ಮೇಲೆ ವಾರಕ್ಕೆ ಕಾಲು ತಾಸಿನಂತೆ ಮಲಗುವ ಹೊತ್ತನ್ನು ಮುಂಚಿತ ಮಾಡಿದರು. ಎರಡು ತಿಂಗಳಿಗೆ ಆರೂವರೆ ತಾಸಿಗೆ ಬಂದು ನಿಂತರು. ಈಗಲೂ ತಿಂಗಳಲ್ಲಿ ನಾಲ್ಕಾರು ರಾತ್ರಿ ಕೆಡುತ್ತವೆ. ನನಗೂ ಕೆಡುತ್ತವೆ. ವಯಸ್ಸಾದಂತೆ ನಿದ್ದೆ ಹಗುರವಾಗುವುದು, ರಾತ್ರಿ ಒಂದೆರಡು ಸಲ ಎಚ್ಚರಾಗುವುದು ಬೇನೆಯಲ್ಲ. ಎಚ್ಚರಾದಾಗ ಮೊಬೈಲು ಎತ್ತಿ ಎಷ್ಟು ಗಂಟೆ ಎಂದು ನೋಡಿ, ಇನ್ನು ಉಳಿದದ್ದು ಎಷ್ಟು ಎಂದು ಕಳೆಯುವ ಲೆಕ್ಕ ಹಾಕುವುದು ಬೇನೆ. ಆ ಮೊಬೈಲನ್ನು ಪಡಸಾಲೆಯ ಗೂಟಕ್ಕೆ ತೂಗುಹಾಕಿ ಮಲಗಿರಿ.

ಇನ್ನು ಚಿಂತೆ. ಈ ಮಾತು ಕಾರಖಾನೆಯ ನೌಕರನ ಬಾಯಿಂದ ಬರಬಾರದೆಂದು ವೇದಿಕೆಯ ಮೇಲಿನವರಿಗೆ ಅನಿಸಬಹುದು, ಆದರೂ ಹೇಳುತ್ತೇನೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಸಂದಾಯವಾಗಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಕೂಡಬೇಕು. ಆ ದಿನ ದಾಟಿದ ಪ್ರತಿ ರಾತ್ರಿ ಯಾರದೋ ಮನೆಯಲ್ಲಿ ಒಬ್ಬರು ತೊಲೆ ಎಣಿಸುತ್ತ ಮಲಗಿರುತ್ತಾರೆ. ತೋಡಣಿಯ ದಿನ ಗೊತ್ತಿಲ್ಲದಿರುವುದೂ ಹಾಗೆಯೇ. ತಡವಾಗುವುದು ಬೇರೆ, ಎಷ್ಟು ತಡ ಎಂಬುದು ಗೊತ್ತಾಗದಿರುವುದು ಬೇರೆ. ಎರಡನೆಯದು ಹೆಚ್ಚು ನಿದ್ದೆ ಕೆಡಿಸುತ್ತದೆ. ಅದಕ್ಕಾಗಿ ಈ ಹಂಗಾಮಿನಿಂದ ಲಾಗಣಿ ತಾರೀಖಿನ ಪಟ್ಟಿಯನ್ನು ಪ್ರತಿ ಸೋಮವಾರ ಈ ಗಟ ಕಚೇರಿಯ ಹಲಗೆಗೆ ಹಚ್ಚುವಂತೆ ನಮ್ಮ ವಿಭಾಗದಲ್ಲಿ ನಿಶ್ಚಯಿಸಿದ್ದೇವೆ. ಹಚ್ಚದಿದ್ದರೆ ನನ್ನನ್ನು ಕೇಳಿರಿ, ಆದರೆ ರಾತ್ರಿ ಹನ್ನೆರಡಕ್ಕೆ ಬೇಡ.

ತಮ್ಮ ಕೈಯಲ್ಲಿರುವುದು ಒಂದಿದೆ. ಸಾಲದ ಲೆಕ್ಕವನ್ನು ಹಾಸಿಗೆಯಲ್ಲಿ ಮಾಡಬೇಡಿ, ಸಂಜೆ ಆರಕ್ಕೆ ದೀಪ ಹಚ್ಚುವ ಹೊತ್ತಿಗೆ ಕಾಗದದ ಮೇಲೆ ಮಾಡಿರಿ. ಸೊಸಾಯಿಟಿಗೆ ಎಷ್ಟು, ಗೊಬ್ಬರದ ಅಂಗಡಿಗೆ ಎಷ್ಟು, ಮಗಳ ಕಾಲೇಜಿಗೆ ಎಷ್ಟು. ಅದರ ಎದುರಿಗೆ, ನಾಳೆ ಯಾರ ಬಳಿಗೆ ಹೋಗುವುದು, ಏನು ಕೇಳುವುದು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಮಲಗುವ ಮುಂಚೆ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರಿಗೆ, ಮುಗಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಮೊದಲು ನಿದ್ದೆ ಬಂತು. ಒಂಬತ್ತು ನಿಮಿಷ ಏನು ಮಹಾ ಎಂದು ನಗಬೇಡಿ, ಕತ್ತಲೆಯಲ್ಲಿ ಕಣ್ಣು ಬಿಟ್ಟು ಮಲಗಿದವನಿಗೆ ಅದು ದೊಡ್ಡದು. ಬರೆದದ್ದನ್ನು ಮನೆಯಾಕೆಗೆ ತೋರಿಸಿರಿ. ಸಾಲ ಮುಚ್ಚಿಟ್ಟ ಮನೆಯಲ್ಲಿ ಇಬ್ಬರೂ ನಿದ್ದೆ ಮಾಡುವುದಿಲ್ಲ, ಆಕೆಗೆ ಗೊತ್ತಿರುತ್ತದೆ.

ಇಲ್ಲಿ ಒಂದು ಮಾತು ಸ್ವಲ್ಪ ಮೆಲ್ಲಗೆ ಹೇಳಬೇಕು. ನಡುರಾತ್ರಿಯ ಎರಡು ಗಂಟೆಗೆ ತೋರುವ ಸಾಲ ಹಗಲು ತೋರುವುದಕ್ಕಿಂತ ದೊಡ್ಡದಾಗಿರುತ್ತದೆ. ನಮ್ಮ ಅನೇಕ ಮನೆಗಳಲ್ಲಿ ಕೀಟನಾಶಕದ ಡಬ್ಬಿ ಮಲಗುವ ಕೋಣೆಯ ಮೂಲೆಯಲ್ಲಿಯೇ ಇರುತ್ತದೆ. ನೋಂದಣಿಗೆ ಬಂದಾಗ ಕಣ್ಣಾರೆ ಕಂಡಿದ್ದೇನೆ. ಅದನ್ನು ಇಂದೇ ಅಲ್ಲಿಂದ ತೆಗೆದು, ಬೇರೆ ಕಡೆ ಬೀಗ ಹಾಕಿ, ಕೀಲಿಕೈ ಇನ್ನೊಬ್ಬರಿಗೆ ಕೊಡಿರಿ. ಬದುಕೇ ಬೇಡವೆನಿಸುವ ರಾತ್ರಿ ಯಾರಿಗಾದರೂ ಬಂದರೆ ಪಕ್ಕದವರನ್ನು ಎಬ್ಬಿಸಿರಿ, ಇಲ್ಲವೆ 14416 ಸಂಖ್ಯೆಗೆ ಫೋನು ಮಾಡಿರಿ. ಅದು 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡ ಮರಾಠಿ ಸೇರಿ ಹಲವು ಭಾಷೆಗಳಿವೆ. ಅಂಥವರು ಪಕ್ಕದ ಹೊಲದಲ್ಲಿದ್ದಾರೆ ಎಂದು ಗೊತ್ತಿದ್ದವರು ಹೋಗಿ ಮಾತಾಡಿಸಿರಿ. ಮಾತಾಡಿಸುವುದರಿಂದ ಕೆಡುವುದಿಲ್ಲ.

ಚಹಾ, ತಂಬಾಕು, ಸೆರೆಯ ವಿಷಯ ಬೇಗ ಮುಗಿಸುತ್ತೇನೆ. ಚಹಾದಲ್ಲಿರುವ ಕೆಫೀನು ಕುಡಿದ ಐದಾರು ತಾಸಿಗೂ ಸುಮಾರು ಅರ್ಧ ಒಳಗೇ ಉಳಿದಿರುತ್ತದೆ. ಸಂಜೆ ಏಳಕ್ಕೆ ಕುಡಿದ ಗಟ್ಟಿ ಚಹಾ ನಡುರಾತ್ರಿಯ ತನಕ ಕಾವಲು ಕಾಯುತ್ತದೆ. ಸಕ್ಕರೆ ಕಾರಖಾನೆಯವನು ಚಹಾ ಬೇಡ ಎನ್ನುತ್ತಾನೆಯೆ ಎನ್ನಬೇಡಿ. ಮಧ್ಯಾಹ್ನದ ತನಕ ಬೇಕಾದಷ್ಟು ಕುಡಿಯಿರಿ. ತಂಬಾಕು ಸುಣ್ಣ ನೀರು ಕಟ್ಟುವವನಿಗೆ ಎಚ್ಚರ ಇಡಲು ಬೇಕಾಗುತ್ತದೆ. ಹಾಗಿದ್ದರೆ ಅದನ್ನೇ ತುಟಿಯಲ್ಲಿಟ್ಟು ಮಲಗಿದವನು ನಿದ್ದೆ ಬರಲಿಲ್ಲ ಎಂದು ದೂರುವುದು ಹೇಗೆ? ಸೆರೆ ಬೇಗ ಕೆಡವುತ್ತದೆ ನಿಜ, ಆದರೆ ಎರಡನೆಯ ಜಾವಕ್ಕೆ ಕೈ ಹಿಡಿದು ಎಬ್ಬಿಸುತ್ತದೆ.

ಮನೆಮದ್ದುಗಳ ಬಗ್ಗೆ ತಾಯಂದಿರು ಕೇಳಿದ್ದಾರೆ. ಅಂಗಾಲಿಗೆ ಎಣ್ಣೆ ತಿಕ್ಕುವುದು, ಬಿಸಿನೀರಿನಲ್ಲಿ ಕಾಲಿಡುವುದು ಒಳ್ಳೆಯದು. ಕೈಕಾಲು ಬೆಚ್ಚಗಾದರೆ ಅಲ್ಲಿಯ ರಕ್ತನಾಳ ಹಿಗ್ಗಿ ದೇಹದ ಒಳಗಿನ ಕಾವು ಹೊರಹೋಗುತ್ತದೆ, ಒಳಕಾವು ಇಳಿದಾಗ ನಿದ್ದೆ ಬೇಗ ಬರುತ್ತದೆ. ಅಜ್ಜಿಯರು ಕಾರಣ ತಿಳಿಯದೆ ಸರಿಯಾದುದನ್ನೇ ಮಾಡುತ್ತಿದ್ದರು. ಗಸಗಸೆ ಪಾಯಸ, ಹಾಲು ಸೇರುವವರಿಗೆ ಸೇರಲಿ, ಅದರಿಂದಲೇ ನಿದ್ದೆ ಬರುತ್ತದೆಂದು ನಾನು ಖಾತ್ರಿ ಕೊಡಲಾರೆ. ಜಾಯಿಕಾಯಿ ಮಾತ್ರ ಚಿಟಿಕೆಗಿಂತ ಮೀರಬಾರದು, ಹೆಚ್ಚಾದರೆ ವಿಷ. ಚರಕ ಸಂಹಿತೆ ಆಹಾರ ಮತ್ತು ಬ್ರಹ್ಮಚರ್ಯದ ಜೊತೆಗೆ ನಿದ್ದೆಯನ್ನೂ ದೇಹದ ಮೂರು ಆಧಾರಗಳಲ್ಲಿ ಒಂದೆಂದು ಎಣಿಸಿದೆ. ಹಾಗೆ ನೋಡಿದರೆ ನಮ್ಮಲ್ಲಿ ಅತಿ ಕಡಿಮೆ ನಿದ್ದೆ ಮಾಡುವವರು ಹಿಂದಿನ ಸಾಲಿನವರೇ. ಗಂಡ ನೀರು ಕಟ್ಟಿ ಬಂದಾಗ ಬಾಗಿಲು ತೆಗೆಯಲು ಎದ್ದು, ನಾಲ್ಕಕ್ಕೆ ಹಾಲು ಹಿಂಡಲು ಮತ್ತೆ ಎದ್ದು, ಹಗಲು ಮಲಗಿದರೆ ಮಾತು ಕೇಳುವವರು ಅವರು. ಅವರಿಗೆ ಬೇಕಾದದ್ದು ಚಿಕಿತ್ಸೆಯಲ್ಲ, ಎರಡು ತಾಸು ಬಿಡುವು. ಬಾಗಿಲಿನ ಇನ್ನೊಂದು ಕೀಲಿಕೈ ಮಾಡಿಸಿರಿ.

ಕೆಲವು ಲಕ್ಷಣಗಳಿಗೆ ಈ ಯಾವ ಉಪಾಯವೂ ನಡೆಯುವುದಿಲ್ಲ, ವೈದ್ಯರೇ ಬೇಕು. ಜೋರು ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಂತು, ಬೆಚ್ಚಿ ಮತ್ತೆ ಆರಂಭವಾದರೆ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳಬೇಕಾದರೆ. ಅದು ಸಕ್ಕರೆ ಬೇನೆ ಇರಬಹುದು, ಇಲ್ಲವೆ ರಕ್ತದೊತ್ತಡಕ್ಕೆ ಸಂಜೆ ತೆಗೆದುಕೊಳ್ಳುವ ಗುಳಿಗೆಯ ಕಾರಣವಿರಬಹುದು, ಹೊತ್ತು ಬದಲಿಸಬಹುದೆ ಎಂದು ಕೇಳಿರಿ. ಮಲಗಿದೊಡನೆ ಕಾಲಿನಲ್ಲಿ ಇರುವೆ ಹರಿದಂತಾಗಿ ಕಾಲಾಡಿಸದೆ ಇರಲಾಗದಿದ್ದರೆ. ಕೆಲವರಲ್ಲಿ ಅದು ಕಬ್ಬಿಣದ ಅಂಶ ಕಡಿಮೆಯಾದುದರ ಗುರುತು. ಎರಡು ವಾರ ಮನಸ್ಸಿಗೆ ಏನೂ ಬೇಡವಾಗಿದ್ದರೆ. ಇವಕ್ಕೆಲ್ಲ ಸೋಲಾಪುರದ ಸಿವಿಲ್ ಆಸ್ಪತ್ರೆಯ ತನಕ ಹೋಗಿ ಬರಲು ಒಂದು ದಿನ ಹಾಳಾಗುತ್ತದೆ, ಹಾಳಾಗಲಿ.

ಕೊನೆಗೆ ನನ್ನ ಸ್ವಂತ ಇಲಾಖೆಯ ಮಾತಿಗೆ ಬರುತ್ತೇನೆ. ಹರಿ ನೀರಾವರಿ ಇರುವ ತನಕ ರಾತ್ರಿ ಮಡಿ ತಿರುವಲು ಮನುಷ್ಯ ಎದ್ದಿರಲೇಬೇಕು. ಹನಿ ನೀರಾವರಿಯಲ್ಲಿ ವಾಲ್ವು ತೆರೆದಿಟ್ಟು ಬಂದರೆ ತಾನೇ ನಡೆಯುತ್ತದೆ. ಹನಿ ನೀರಾವರಿಯಿಂದ ನೀರು, ಗೊಬ್ಬರ ಉಳಿಯುತ್ತದೆಂದು ಹತ್ತು ವರ್ಷ ಹೇಳಿದೆ. ನಿದ್ದೆ ಉಳಿಯುತ್ತದೆಂದು ಹೇಳಲು ನನಗೆ ತೋಚಿರಲೇ ಇಲ್ಲ. ಹೋದ ವರ್ಷ ಹನಿ ಹಾಕಿಸಿದ ಒಬ್ಬ ಸಭಾಸದರನ್ನು ಏನು ಲಾಭವಾಯಿತೆಂದು ಕೇಳಿದಾಗ ಅವರು ಟನ್ನಿನ ಮಾತು ಎತ್ತಲೇ ಇಲ್ಲ, “ಹಾವಿನ ಅಂಜಿಕಿ ಹೋತ್ರಿ, ನಿದ್ದಿ ಬಂತ್ರಿ” ಎಂದರು. ಮೊಬೈಲಿನಿಂದ ಮೋಟಾರು ಚಾಲೂ ಬಂದ್ ಮಾಡುವ ಸ್ಟಾರ್ಟರುಗಳೂ ಬಂದಿವೆ. ಆದರೆ ಲೈಟು ಬಂದೊಡನೆ ತಾನಾಗಿ ಹೊತ್ತುವ ಆಟೋ ಸ್ವಿಚ್ಚು ಬೇಡ. ಎಲ್ಲರ ಮೋಟಾರೂ ಒಮ್ಮೆಲೇ ಹೊತ್ತಿ ಟ್ರಾನ್ಸ್‌ಫಾರ್ಮರು ಸುಡುತ್ತದೆ, ದುರಸ್ತಿಗೆ ಕೈ ಹಾಕಿದವನಿಗೂ ಅಪಾಯ. ಕೃಷಿ ಫೀಡರುಗಳಿಗೆ ಸೌರಶಕ್ತಿಯಿಂದ ಹಗಲು ವಿದ್ಯುತ್ತು ಕೊಡುವ ರಾಜ್ಯದ ಯೋಜನೆ 2017ರಲ್ಲಿ ಆರಂಭವಾಗಿ 2023ರಲ್ಲಿ ಎರಡನೆಯ ಹಂತಕ್ಕೆ ಬಂದಿದೆ. ತಮ್ಮೂರಿನ ಫೀಡರಿಗೆ ಅದು ಬರಲು ಗ್ರಾಮಸಭೆಯಲ್ಲಿ ಗಾಯರಾಣ ಜಾಗದ ಠರಾವು ಬೇಕಾದೀತು. ಅಂಥ ದಿನ ಗ್ರಾಮಸಭೆಗೆ ಹೋಗಿರಿ.

ಎಲ್ಲಿ ರಾತ್ರಿ ಪಾಳಿ ಇನ್ನೂ ಉಳಿದಿದೆಯೋ ಅಲ್ಲಿಯವರು ಹೀಗೆ ಮಾಡಬಹುದು. ಅರವತ್ತು ದಾಟಿದವರನ್ನು ಆ ಕೆಲಸಕ್ಕೆ ಹಚ್ಚಬೇಡಿ. ಎರಡು ಮನೆಯವರು ಕೂಡಿ ರಾತ್ರಿ ಬಿಟ್ಟು ರಾತ್ರಿ ಹಂಚಿಕೊಳ್ಳಿರಿ. ಮೇಲೆ ಹೇಳಿದ ಹಗಲು ನಿದ್ದೆಯ ನಿಷೇಧ ಪಾಳಿಯ ದಿನಗಳಿಗೆ ಅನ್ವಯಿಸುವುದಿಲ್ಲ: ಹೋಗುವ ಮುಂಚೆ ಸಂಜೆ ಒಂದೂವರೆ ತಾಸು ಮಲಗಿರಿ, ಬಂದ ಮೇಲೆ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿ ಕತ್ತಲೆ ಕೋಣೆಯಲ್ಲಿ ಮಲಗಿರಿ. ಪಾಳಿ ಮುಗಿದ ಮರುದಿನದಿಂದ ಏಳುವ ಹೊತ್ತು ಒಂದೇ ಇರಲಿ, ಎದ್ದೊಡನೆ ಅರ್ಧ ತಾಸು ಬಯಲಿನ ಬೆಳಕಿಗೆ ಬನ್ನಿರಿ. ಆ ಬೆಳಕು ಒಳಗಿನ ಗಡಿಯಾರಕ್ಕೆ ಕೀಲಿ ಕೊಡುತ್ತದೆ. ಮಂಪರಿನಲ್ಲಿದ್ದಾಗ ಒದ್ದೆ ಕೈಯಿಂದ ಸ್ಟಾರ್ಟರು ಮುಟ್ಟಬೇಡಿ.

ವಹಿಯ ಮಾದರಿ ಹಾಳೆಗಳನ್ನು ಕಚೇರಿಯಲ್ಲಿ ಇರಿಸಿದ್ದೇನೆ, ಬೇಕಾದವರು ಯಾರಿಗೂ ಹೇಳದೆ ಒಯ್ಯಬಹುದು. ಬೋರಿ ದಂಡೆಯ ಊರುಗಳಿಗೆ ಇಂದು ರಾತ್ರಿ ಲೈಟಿನ ಪಾಳಿ ಇದೆ ಎಂದು ಈಗ ಚೀಟಿ ಬಂದಿದೆ. ಆ ಊರಿನವರು ಖೋಡವಾ ಭಾಷಣಕ್ಕೆ ಕಾಯದೆ, ಚಹಾ ಬಿಟ್ಟು, ಮನೆಗೆ ಹೋಗಿ ಒಂದು ನಿದ್ದೆ ತೆಗೆಯಬೇಕೆಂದು ವಿನಂತಿ. ಖೋಡವಾದ ಮಾಹಿತಿ ಮುಂದಿನ ಸಂಚಿಕೆಯಲ್ಲಿ ಅಚ್ಚಾಗುವುದು.